ತಲೆ ತಗ್ಗಿಸಿ ದಾಟಿದ ದೇಶಗಳು

ಅರಸೀಕೆರೆ
೧೪ ನವೆಂಬರ್ ೨೦೨೫, ಶುಕ್ರವಾರ

ಪ್ರೀತಿಯ ಶರತ್,

ಹೇಗಿದ್ದೀಯಪ್ಪಾ? ಓವನ್ ಮುಂದೆ ನಿಂತು ನಿಂತು ಮಂಡಿ ಹಿಡಿದುಕೊಳ್ಳುತ್ತೆ ಅಂತಿದ್ದೆಯಲ್ಲ, ಈಗ ಪರವಾಗಿಲ್ಲವಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಊರಿಗೆಲ್ಲ ಬ್ರೆಡ್ ಬೇಯಿಸಿ ಕೊಟ್ಟು ನೀನು ಬರೀ ಟೀ ಕುಡಿದು ಮಲಗುತ್ತೀಯೋ? ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಮೈಗೆ ಕಾಯಿಲೆಯಿಲ್ಲ, ಅಷ್ಟೇ. ಕೂತಲ್ಲಿ ಕೂರಲು ಆಗುತ್ತಿಲ್ಲ. ಅಕ್ಕಿ ಆರಿಸುತ್ತಿರುವಾಗ ಜಂಕ್ಷನ್ನಿನಿಂದ ರೈಲು ಕೂಗಿದರೆ ಮೊರ ಕೆಳಗಿಟ್ಟು ಎದ್ದು ಬಾಗಿಲಿಗೆ ಬರುತ್ತೇನೆ. ಹುಟ್ಟಿದಾಗಿನಿಂದ ಕೇಳಿದ ಕೂಗು, ಈಗ ಯಾಕೋ ನನ್ನನ್ನೇ ಕರೆದ ಹಾಗಾಗುತ್ತದೆ. ಬೇಲೂರಿನಲ್ಲಿ ನಿಮ್ಮಕ್ಕ ಪುಷ್ಪಲತಾ ಮನೆಗೆ ಹೋಗುತ್ತೇನೆ, ಎರಡನೇ ದಿನಕ್ಕೇ ಬಸ್ ಹತ್ತಿ ವಾಪಸ್ ಬರುತ್ತೇನೆ. "ಅಮ್ಮಾ, ನೀನು ಕಾಲಿಗೆ ಚಕ್ರ ಕಟ್ಟಿಕೊಂಡು ಬಂದಿದ್ದೀಯ" ಅಂತ ಅವಳು ರೇಗಿಸುತ್ತಾಳೆ.

ಸೆಪ್ಟೆಂಬರಿನ ಆ ದಿನದಿಂದ ನೀನು ನನ್ನ ಫೋನ್ ಎತ್ತಿಲ್ಲ, ನಾನು ಹಾಕಿದ ಮೆಸೇಜನ್ನೂ ತೆರೆದು ನೋಡಿಲ್ಲ. "ಅಪ್ಪಾಜಿ ಬರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು" ಅಂತ ಒಂದೇ ಒಂದು ಮೆಸೇಜು ಹಾಕಿ ಸುಮ್ಮನಾಗಿಬಿಟ್ಟೆ. ಹೋದ ವಾರ ನಿಮ್ಮ ಹಡಗಿನ ಅಡುಗೆಮನೆಯ ಸುನಿಲ್ ರಜೆಗೆ ತನ್ನೂರು ಗಂಡಸಿಗೆ ಬಂದಿದ್ದನಲ್ಲ, ನಮ್ಮ ಮನೆಗೂ ಬಂದಿದ್ದ. ಹ್ಯಾಂಬರ್ಗ್ ಬಂದರಿನ ಗೇಟಿನಲ್ಲಿ ನೀನು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಕಾಯುತ್ತಿದ್ದೆ, ಕೊನೆಗೆ ಸೆಕ್ಯುರಿಟಿಯವನೇ ಒಳಗೆ ಹೋಗು ಅಂತ ಕಳಿಸಿದ ಅಂತ ಅವನೇ ಹೇಳಿದ್ದು. ಅದನ್ನು ಕೇಳಿದ ಮೇಲೆ ನನಗೆ ತಡೆಯಲಾಗಲಿಲ್ಲ. ಅವನು ಮತ್ತೆ ಹಡಗು ಸೇರಲು ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ ಕಳಿಸುತ್ತೇನೆ. ಫೋನಾದರೆ ನೀನು ಕತ್ತರಿಸಬಹುದು. ಕಾಗದವನ್ನು ಎಷ್ಟು ಸಿಟ್ಟಿದ್ದರೂ ಒಂದು ಸಲ ಬಿಚ್ಚಿ ನೋಡುತ್ತೀಯ ಅಂತ ನಂಬಿದ್ದೇನೆ.

ಅಪ್ಪಾಜಿ ಬಂದಿದ್ದರು ಶರತ್. ನಾವಿಬ್ಬರೂ ಬಂದಿದ್ದೆವು.

ಕೊಬ್ಬರಿ ವರ್ತಕರ ತಂಡದ ಜೊತೆ ಹಡಗಿನ ಪ್ರವಾಸಕ್ಕೆ ನಾವು ಹೊರಟದ್ದು ನಿನಗೆ ಗೊತ್ತೇ ಇದೆ. ತಂಡದ ಹಿರಿಯರು ನಂಜುಂಡಯ್ಯನವರು ಒತ್ತಾಯ ಮಾಡಿದರು ಅಂತ ಅಪ್ಪಾಜಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದರು. ಆದರೆ ಪ್ರವಾಸ ಮುಗಿದ ಮೇಲೆ ಹ್ಯಾಂಬರ್ಗಿಗೆ ವಿಮಾನದ ಟಿಕೆಟ್ ತೆಗೆಸಿದ್ದು ಅವರೇ, ನಾನು ಬಾಯಿಬಿಟ್ಟು ಕೇಳಿರಲಿಲ್ಲ. "ಅಷ್ಟು ದೂರ ಹೋಗಿರ್ತೀವಿ, ನೋಡಿಕೊಂಡು ಬಂದ್ರಾಯ್ತು" ಅಂದರು. ಯಾರನ್ನು ಅಂತ ಹೇಳಲಿಲ್ಲ. ಮೂರು ವರ್ಷದ ಹಿಂದೆ "ಮಾಂಸ ಬೇಯಿಸೋ ಹಡಗಿನಲ್ಲಿ ಕೆಲಸ ಮಾಡೋನು ನನ್ನ ಮನೆ ಹೊಸಿಲು ತುಳಿಯೋದು ಬೇಡ" ಅಂದ ಬಾಯಿ ಅದು, ಹೆಸರು ಹೇಳಲು ತಡವರಿಸಿತು. ನಾನೂ ಕೆಣಕಲಿಲ್ಲ.

ನಮ್ಮ ಹಡಗು ಇಟಲಿಯ ಜಿನೋವಾ ಊರಿಗೆ ಮುಟ್ಟುವ ಹಿಂದಿನ ದಿನ ಅವರ ಎಡಗಣ್ಣಿನ ಮುಂದೆ ಕರೀ ಪರದೆ ಇಳಿದ ಹಾಗಾಯಿತು. ತಿಂಡಿಯ ತಟ್ಟೆಯಲ್ಲಿ ಅರ್ಧ ಕಾಣುತ್ತೆ, ಅರ್ಧ ಇಲ್ಲ. ಕಣ್ಣಿನ ಒಳಪೊರೆ ಕಿತ್ತುಬಂದಿದೆ ಅಂತ ಅಲ್ಲಿನ ಆಸ್ಪತ್ರೆಯಲ್ಲಿ ನಾವು ಇಳಿದ ದಿನವೇ ಆಪರೇಷನ್ ಮಾಡಿದರು. ಪೊರೆ ಅಂಟಿಕೊಳ್ಳಲಿ ಅಂತ ಕಣ್ಣೊಳಗೆ ಗ್ಯಾಸಿನ ಗುಳ್ಳೆ ಬಿಟ್ಟಿದ್ದರು. ಅದು ಕರಗುವ ತನಕ ವಿಮಾನ ಹತ್ತುವ ಹಾಗಿಲ್ಲ, ಮೇಲೆ ಹೋದರೆ ಗುಳ್ಳೆ ಉಬ್ಬಿ ಕಣ್ಣೇ ಹೋಗುತ್ತದಂತೆ. ಜೊತೆಗೆ ಇನ್ನೊಂದು ಕಟ್ಟಪ್ಪಣೆ, ಮುಖ ಸದಾ ನೆಲದ ಕಡೆಗೇ ಇರಬೇಕು. ಕೂತಾಗ, ನಡೆವಾಗ, ಮಲಗಿದಾಗಲೂ. ತಂಡದವರು ಊರಿಗೆ ಹೊರಟರು, ನಾವಿಬ್ಬರೇ ಉಳಿದೆವು. ಕೊಬ್ಬರಿ ಮಂಡಿಯಲ್ಲಿ ಎದೆಯುಬ್ಬಿಸಿ ಕೂರುತ್ತಿದ್ದ ನಿಮ್ಮಪ್ಪ ಷಡಕ್ಷರಪ್ಪನವರು ಬಾಡಿಗೆ ಕೋಣೆಯಲ್ಲಿ ತಲೆ ತಗ್ಗಿಸಿಕೊಂಡು ಕೂತಿರುವುದನ್ನು ನೋಡಿ ನನಗೆ ಅಳು ಬಂತು. ಅವರಿಗೆ ಹೇಳಬೇಡ, ಒಂದು ಸಲ ನಗುವೂ ಬಂತು.

ಆಪರೇಷನ್ ವಿಷಯ ನಿನಗೆ ತಿಳಿಸಬೇಡ ಅಂದವರು ಅವರೇ. "ಕನಿಕರಕ್ಕೆ ಮಾತಾಡಿಸೋದು ಬೇಡ" ಅಂದರು. ಅದಕ್ಕೇ ಬರುವುದು ತಡ ಅಂತಷ್ಟೇ ನಿನಗೆ ಹೇಳಿದ್ದೆ. ಅಷ್ಟರಲ್ಲಿ ನಿನ್ನ ಮೆಸೇಜು ಬಂತು, ಮುಂದಿನ ಗುರುವಾರ ಹ್ಯಾಂಬರ್ಗಿಗೆ ಹಡಗು ಬರುವುದು ಈ ವರ್ಷಕ್ಕೆ ಅದೇ ಕೊನೆ, ಆಮೇಲೆ ಅಮೆರಿಕದ ಕಡೆಗೆ ಅಂತ. ಓದಿ ಹೇಳಿದೆ. ನೆಲ ನೋಡುತ್ತಲೇ "ರೈಲು ಹೋಗಲ್ವೇನೆ?" ಅಂದರು. ನಾವು ಜಂಕ್ಷನ್ ಊರಿನವರಲ್ಲವಾ, ನಮಗೆ ರೈಲೆಂದರೆ ಅಂಜಿಕೆಯಿಲ್ಲ. ಡಾಕ್ಟರಮ್ಮ ಮೊದಲು ಬೇಡ ಅಂದರು, ಆಮೇಲೆ ತಲೆ ಎತ್ತದಿದ್ದರೆ ಹೋಗಿ ಅಂದರು. ಮೇಜಿನ ಮೇಲಿಡಲು ಒಂದು ದಿಂಬು ತೆಗೆದುಕೊಂಡೆ, ಚಪಾತಿ ಚಟ್ನಿಪುಡಿ ಕಟ್ಟಿಕೊಂಡೆ, ಗುರುವಾರ ಬರುತ್ತೇವೆ ಅಂತ ನಿನಗೆ ಮೆಸೇಜು ಹಾಕಿದೆ, ಹೊರಟೆವು.

ಜಿನೋವಾದಿಂದ ಮಿಲಾನ್, ಅಲ್ಲಿಂದ ಸ್ವಿಟ್ಜರ್ಲೆಂಡ್, ಅಲ್ಲಿಂದ ಜರ್ಮನಿ. ಮಿಲಾನ್ ಸ್ಟೇಷನ್ನಿನಲ್ಲಿ ಅವರ ಕೈ ಹಿಡಿದು ನಡೆಸಿದೆ. ಮದುವೆಯಾಗಿ ನಲವತ್ತು ವರ್ಷದಲ್ಲಿ ಸಂತೆಗೆ ಹೋದರೂ ಅವರು ಮುಂದೆ, ನಾನು ಹಿಂದೆ. ಅಲ್ಲಿ ನಾನು ಬೋರ್ಡು ಓದಿ, ನಾಲ್ಕು ಜನರನ್ನು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿ, ಪ್ಲಾಟ್‌ಫಾರ್ಮು ಹುಡುಕಿದೆ. ಅವರು ನೆಲ ನೋಡುತ್ತಾ "ಕಲ್ಲು ಚೆನ್ನಾಗಿ ಹಾಸಿದ್ದಾರೆ ಕಣೇ" ಅನ್ನುತ್ತಾ ಬಂದರು. ರೈಲಿನಲ್ಲಿ ದಿಂಬಿಗೆ ಹಣೆಯೂರಿ ಕೂತದ್ದನ್ನು ನೋಡಿ ಎದುರಿಗಿದ್ದ ಹೆಂಗಸು ಇವರು ಅಳುತ್ತಿದ್ದಾರೆಂದು ತಿಳಿದು ಕರವಸ್ತ್ರ ಕೊಟ್ಟಳು. ಸ್ವಿಟ್ಜರ್ಲೆಂಡ್ ಬಂದಾಗ ನಾನು ತಡೆಯಲಾರದೆ "ಅಯ್ಯೋ ರೀ!" ಅಂದುಬಿಟ್ಟೆ. "ಏನೇ, ಏನದು, ಹೇಳೇ" ಅಂದರು. ಹೇಳಿದೆ. ಕೆರೆ ಇದೆ, ಕೊನೆ ಕಾಣುತ್ತಿಲ್ಲ, ಬೆಟ್ಟ ನೇರವಾಗಿ ನೀರಿಗೇ ಇಳಿದಿದೆ ಅಂದೆ. "ನಮ್ಮ ಕಣಕಟ್ಟೆ ತೋಟದ ಹಿಂದಿನ ಗುಡ್ಡದಷ್ಟಿದೆಯಾ?" ಅದರ ಮೇಲೆ ಅಂಥವು ಹತ್ತು ಪೇರಿಸಿದರೂ ಸಾಲದು ಅಂದೆ. "ಸುಳ್ಳು ಹೇಳ್ಬೇಡ" ಅಂದರು. ಮತ್ತೆ "ಬಣ್ಣ ಹೇಳು" ಅಂದರು. ಹಾಗೆ ದಾರಿಯುದ್ದಕ್ಕೂ ನಾನು ಹೇಳುತ್ತಾ ಹೋದೆ, ಅವರು ಕೇಳುತ್ತಾ ಬಂದರು. ಅಷ್ಟು ಮಾತನ್ನು ಅವರು ನನ್ನಿಂದ ಯಾವತ್ತೂ ಕೇಳಿರಲಿಲ್ಲ, ನಾನೂ ಆಡಿರಲಿಲ್ಲ. ದೊಡ್ಡ ಸುರಂಗದೊಳಗೆ ಹೊಕ್ಕಾಗ ಇಬ್ಬರಿಗೂ ಏನೂ ಕಾಣುತ್ತಿರಲಿಲ್ಲ. ಆಗ ಅವರು "ಹುಡುಗ ಈಗ ದಪ್ಪ ಆಗಿದ್ದಾನಾ, ಸಣ್ಣ ಇದ್ದಾನಾ?" ಅಂತ ಕೇಳಿದರು.

ಬಾಸೆಲ್ ಅನ್ನುವ ಊರಿನಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಹ್ಯಾಂಬರ್ಗ್ ರೈಲು ಹಿಡಿದೆವು. ಮಧ್ಯಾಹ್ನಕ್ಕೇ ಮುಟ್ಟಬೇಕಿತ್ತು. ನಡುದಾರಿಯಲ್ಲಿ ಬಿರುಗಾಳಿಗೆ ಹಳಿಯ ಮೇಲೆ ಮರ ಬಿದ್ದು ರೈಲು ನಿಂತಿತು. ಎರಡೂ ಕಡೆ ಹೊಲ, ಒಂದು ಮನೆಯೂ ಇಲ್ಲ. ನನ್ನ ಫೋನಿಗೆ ಸಿಗ್ನಲ್ ಬರಲಿಲ್ಲ. ಬಾಗಿಲಿಗೂ ಸೀಟಿಗೂ ನಾನು ತಿರುಗಿದ್ದೇ ತಿರುಗಿದ್ದು. ಅವರು ದಿಂಬಿನೊಳಗಿಂದಲೇ "ಹೊರಡ್ತಾ?" ಅನ್ನುವುದು, ನಾನು "ಇಲ್ಲ" ಅನ್ನುವುದು. ರೈಲು ಹೊರಟು ಹ್ಯಾಂಬರ್ಗ್ ಮುಟ್ಟುವಷ್ಟರಲ್ಲಿ ಸಂಜೆ ಬಿಸಿಲು ಇಳಿಯುತ್ತಿತ್ತು. ಟ್ಯಾಕ್ಸಿಯವನಿಗೆ ಹಡಗಿನ ಹೆಸರು ಹೇಳಿದೆ. ಅವನು ವಾಚು ನೋಡಿಕೊಂಡು ತಲೆಯಾಡಿಸಿದ, ಆದರೂ ಜೋರಾಗಿ ಓಡಿಸಿದ.

ನಾವು ದಡ ಮುಟ್ಟಿದಾಗ ನಿಮ್ಮ ಹಡಗು ನದಿಯ ಮಧ್ಯದಲ್ಲಿತ್ತು. ಮೆಲ್ಲಗೆ ಹೋಗುತ್ತಿತ್ತು. ಮೇಲೆ ಜನ ಕೈಬೀಸುತ್ತಿದ್ದರು, ನೀನು ಯಾವ ಕಿಟಕಿಯ ಹಿಂದಿದ್ದೀಯೋ ಗೊತ್ತಾಗಲಿಲ್ಲ. "ಎಲ್ಲಿ?" ಅಂದರು. "ಹೊರಟುಹೋಗಿದೆ ರೀ. ಅಲ್ಲಿ ಹೋಗ್ತಾ ಇದೆ" ಅಂದೆ. ಅವರು ನನ್ನ ಕೈ ಬಿಡಿಸಿಕೊಂಡು ತಲೆ ಎತ್ತಿದರು. "ಬೇಡ, ಡಾಕ್ಟರು ಹೇಳಿದ್ದಾರೆ, ಬೇಡ" ಅಂತ ನಾನು ಅವರ ಕುತ್ತಿಗೆ ಹಿಡಿದುಕೊಂಡೆ. "ಬಿಡೇ" ಅಂದರು. ಜೋರಾಗಿ ಅಲ್ಲ. ಹಡಗು ತಿರುವಿನಲ್ಲಿ ಮರೆಯಾಗುವ ತನಕ, ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ಮುಖ ಎತ್ತಿ ನಿಂತೇ ಇದ್ದರು. "ಇಷ್ಟು ದೊಡ್ಡದಾ?" ಅಂದರು. "ಎಷ್ಟು ಜನಕ್ಕೆ ಊಟ ಇದರಲ್ಲಿ?" ಮೂರು ಸಾವಿರ ಅಂತ ನೀನು ಹೇಳಿದ್ದೆಯಲ್ಲ, ಅದನ್ನೇ ಹೇಳಿದೆ. "ಮೂರು ಸಾವಿರ ಜನಕ್ಕೆ ನಮ್ಮ ಹುಡುಗ..." ಅಂದರು. ನಿನ್ನ ಮೆಸೇಜು ಓದಿದ್ದು ಆಮೇಲೆ, ರೂಮಿನಲ್ಲಿ. ಅವರಿಗೆ ಓದಿ ಹೇಳಲಿಲ್ಲ.

ಗುಳ್ಳೆ ಕರಗುವ ತನಕ ಅಲ್ಲೇ ಇದ್ದು ಊರಿಗೆ ಬಂದೆವು. ಎಡಗಣ್ಣು ಅರ್ಧವೂ ವಾಪಸ್ ಬಂದಿಲ್ಲ, ಹಬೆ ಹಿಡಿದ ಗಾಜಿನಿಂದ ನೋಡಿದ ಹಾಗೆ ಅನ್ನುತ್ತಾರೆ. ಅವತ್ತು ತಲೆ ಎತ್ತಿದ್ದರಿಂದಲ್ಲ, ಮೊದಲೇ ಪೆಟ್ಟು ಜಾಸ್ತಿಯಾಗಿತ್ತು ಅನ್ನುತ್ತಾರೆ ಹಾಸನದ ಡಾಕ್ಟರು. ನಿಜ ಏನೋ ನನಗೆ ಗೊತ್ತಿಲ್ಲ. ನಿನ್ನ ಮೇಲೆ ಹೊರಿಸಲು ಬರೆಯುತ್ತಿಲ್ಲ, ಮುಚ್ಚಿಡಲೂ ಮನಸ್ಸಿಲ್ಲ. ಹೋದ ತಿಂಗಳು ಪುಷ್ಪ ನಮ್ಮನ್ನು ಬೇಲೂರಿನಿಂದ ಹಳೇಬೀಡಿಗೆ ಕರೆದುಕೊಂಡು ಹೋಗಿದ್ದಳು. ಗೋಡೆಯ ಆನೆ ಸಾಲಿನ ಮುಂದೆ ನಿಂತು ಕಣ್ಣು ಕಿರಿದು ಮಾಡಿ ನೋಡಿದರು, ಆಮೇಲೆ "ನನಗೆ ಕಲಸಿಕೊಂಡು ಕಾಣುತ್ತೆ. ರೈಲಲ್ಲಿ ಹೇಳಿದ್ಯಲ್ಲ, ಹಂಗೆ ಹೇಳೇ" ಅಂದರು. ಪುಷ್ಪ ಬೆರಗಾಗಿ ನನ್ನ ಮುಖ ನೋಡಿದಳು. ಒಂದೊಂದೇ ಆನೆ, ಅದರ ಮೇಲಿನ ಸಿಂಹ, ಕುದುರೆ, ಬಳ್ಳಿ ಎಲ್ಲ ಹೇಳುತ್ತಾ ಗುಡಿ ಸುತ್ತಿದೆ. ಹೇಳುತ್ತಿರುವಷ್ಟು ಹೊತ್ತು ಮನಸ್ಸು ನೆಟ್ಟಗಿತ್ತು. ಮನೆಗೆ ಬಂದ ಕೂಡಲೇ ಮತ್ತೆ ಅದೇ ತಳಮಳ. ನನ್ನ ಪ್ರಯಾಣ ಆ ನದಿಯ ದಡದಲ್ಲೇ ಅರ್ಧಕ್ಕೆ ನಿಂತಿದೆ ಮಗನೇ, ಅದಕ್ಕೇ ಮನೆ ಮನೆಯ ಹಾಗನ್ನಿಸುತ್ತಿಲ್ಲ.

ಅಪ್ಪಾಜಿ ಆಡಿದ್ದು ತಪ್ಪು. ಅವರೇ ಬಾಯಿಬಿಟ್ಟು ಹೇಳುತ್ತಾರೋ ಇಲ್ಲವೋ, ನಾನು ಭರವಸೆ ಕೊಡಲಾರೆ. ಆದರೆ ಅಷ್ಟು ದೇಶಗಳನ್ನು ಬರೀ ನೆಲ ನೋಡಿಕೊಂಡು ದಾಟಿ ಬಂದರು, ಅದು ನಿನಗೆ ಗೊತ್ತಿರಲಿ.

ಬಿಸಿ ಟ್ರೇ ಹಿಡಿಯುವಾಗ ಕೈ ಜೋಪಾನ. ಪುಷ್ಪ ನಿನ್ನನ್ನು ತುಂಬ ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ಎಷ್ಟೇ ಅಲೆ ಎದ್ದರೂ ಶಿವ ನಿನ್ನನ್ನು ನೀರಿನ ಮೇಲೆ ತಣ್ಣಗೆ ಇಟ್ಟಿರಲಿ.

ನಿನ್ನ ಅಮ್ಮ,
ಶಾಂತಾದೇವಿ

ಇನ್ನೊಂದು: ಸುನಿಲ್ ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಲಗಣ್ಣಿನ ಪೊರೆಯೂ ಒಂದು ಕಡೆ ತೆಳ್ಳಗಾಗಿದೆಯಂತೆ, ಬೇಗ ಲೇಸರ್ ಹಾಕಿಸಬೇಕು ಅಂದಿದ್ದಾರೆ. ಅಪ್ಪಾಜಿ ಒಪ್ಪುತ್ತಿಲ್ಲ. "ಏನಾದ್ರೂ ಹೆಚ್ಚುಕಡಿಮೆ ಆದ್ರೆ? ಮೊದಲು ಹುಡುಗನ್ನ ಕಣ್ತುಂಬ ನೋಡ್ಕೋತೀನಿ, ಆಮೇಲೆ ಅದೇನು ಮಾಡ್ತಾರೋ ಮಾಡ್ಲಿ" ಅಂತ ಹಟ ಹಿಡಿದಿದ್ದಾರೆ. ಅಮೆರಿಕ ಮುಗಿಸಿಕೊಂಡು ಡಿಸೆಂಬರ್ ಮೊದಲ ವಾರ ನಿಮ್ಮ ಹಡಗು ಕೊಚ್ಚಿಗೆ ಬರುತ್ತದಂತೆ, ಸುನಿಲ್ ಹೇಳಿದ. ನಾವು ಎರಡು ದಿನ ಮುಂಚೆಯೇ ರೈಲಿನಲ್ಲಿ ಹೋಗಿ ಅಲ್ಲಿ ಇರುತ್ತೇವೆ. ಬಂದರಿನ ಗೇಟಿನ ಹೊರಗೆ ನಿಂತಿರುತ್ತೇವೆ. ಕೆಳಗಿಳಿದು ಬಾ.