ಹಗಲು ನಿದ್ದೆಗೆ ನೀವು ಹೊಲಿದ ಗಾದಿ

ಅತ್ತೆಯವರೇ, ನಿಮ್ಮ ಸೊಸೆ ಗಿರಿಜಾಳ ನಮಸ್ಕಾರ.

ವಿಜಯಪುರದಿಂದ ನೀವು ಲಂಡನ್ ವಿಮಾನ ನಿಲ್ದಾಣದ ಹತ್ತಿರ, ಫೆಲ್ಥಮ್‌ನ ನಮ್ಮ ಫ್ಲ್ಯಾಟಿಗೆ ಬಂದ ಆ ಬೇಸಿಗೆ ನೆನಪಿದೆಯೇ? ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬೆಳಿಗ್ಗೆ ಮಲಗಿದರೆ, ಎರಡೇ ತಾಸಿಗೆ ಬೆನ್ನೆಲ್ಲ ಬೆವತು ಎದ್ದು ಕೂರುತ್ತಿದ್ದೆ. ವಿಮಾನಗಳ ಸದ್ದಿಗೆ ಎಚ್ಚರವಾಗುತ್ತದೆ ಅಂದುಕೊಂಡಿದ್ದರು ನಿಮ್ಮ ಮಗ. ನೀವು ಮಾತ್ರ ನಾನು ಎದ್ದ ಜಾಗದಲ್ಲಿ ಅಂಗೈ ಊರಿ ನೋಡಿದಿರಿ. ನಾವು ಆಸೆಪಟ್ಟು ಕೊಂಡಿದ್ದ ಫೋಮ್ ಗಾದಿ ಅದು. "ಇನ್ನೂ ಕಾದ ಹಂಚಿನಂಗ ಅದಲ್ಲವಾ, ಗಿರಿಜಾ" ಎಂದಿರಿ.

ಮರುದಿನ ಮಧ್ಯಾಹ್ನ ಸೋಫಾದ ಫೋಮ್, ಊರಿನಿಂದ ತಂದ ಹತ್ತಿಬಟ್ಟೆಯ ಕೌದಿ, ಉಣ್ಣೆಯ ಕಂಬಳಿ ಮೂರನ್ನೂ ನೆಲಕ್ಕೆ ಹಾಕಿ, ಗಡಿಯಾರ ನೋಡುತ್ತ ಒಂದೊಂದರ ಮೇಲೂ ಕುಳಿತಿರಿ. ಎದ್ದ ಮೇಲೆ ನನ್ನ ಕೈ ಹಿಡಿದು ಮುಟ್ಟಿಸಿದಿರಿ. ಕೌದಿ, ಕಂಬಳಿ ಬೇಗ ತಣ್ಣಗಾದವು. ಫೋಮ್ ಬಿಸಿಯಾಗಿಯೇ ಇತ್ತು.

"ಇದರಾಗ ಮೈ ಮುಳುಗ್ತದ, ಗಾಳಿ ಆಡೂದಿಲ್ಲ. ಹತ್ತಿ ಬೆವರು ಹೀರ್ತದ."

"ಅವ್ವಾ, ಇದಕ್ಕ ಹತ್ತು ವರ್ಷ ಗ್ಯಾರಂಟಿ ಅದ" ಎಂದರು ನಿಮ್ಮ ಮಗ.

"ಗ್ಯಾರಂಟಿ ಗಾದಿಗೆ ಅದಪ್ಪಾ. ಅಕಿ ನಿದ್ದಿಗೆ ಅದ ಏನು?"

ಅದೇ ವಾರ ನಡೆದದ್ದನ್ನು ನಿಮಗೆ ಹೇಳಿರಲಿಲ್ಲ. ವಾರ್ಡಿನಲ್ಲಿ ನಿದ್ದೆಗಣ್ಣಲ್ಲಿ ಒಬ್ಬ ರೋಗಿಯ ಔಷಧಿಯನ್ನು ಇನ್ನೊಬ್ಬರಿಗೆ ಕೊಡಲು ಹೋಗಿದ್ದೆ. ಜೊತೆಯ ನರ್ಸ್ ತಡೆದಳು. ಕೆಲಸ ಬಿಡುವುದೆಂದು ನಿರ್ಧರಿಸಿಬಿಟ್ಟಿದ್ದೆ. ನಿಮಗೆ ಹೇಳಿದ್ದರೆ...

ಹೊಸ ಗಾದಿಗೆಂದು ಕೆಂಟನ್‌ನ ಅಂಗಡಿಯಿಂದ ತರಿಸಿದ ಹತ್ತಿ ಬಂದ ದಿನವೇ ನೀವು ಸೂಜಿ ಹಿಡಿದಿರಿ. ಮಂಡಿನೋವಿದ್ದರೂ ನಾಲ್ಕು ದಿನ ನೆಲದ ಮೇಲೆ ಕುಳಿತು, ಹತ್ತಿ ಸರಿಯದಂತೆ ಗೇಣಿಗೊಂದು ಹೊಲಿಗೆ ಹಾಕಿದಿರಿ. "ಬಿಸಿಲು ಬಿದ್ದಾಗೆಲ್ಲ ಹೊರಗ ಹಾಕು, ಇಲ್ಲಾಂದ್ರ ಕಲ್ಲಾಗ್ತದ" ಎಂದು ಎಚ್ಚರಿಸಿದಿರಿ.

ಅದರ ಮೇಲೆ ಮೊದಲ ದಿನವೇ ಆರು ತಾಸು ಮಲಗಿದೆ. ಎದ್ದು ನೋಡಿದರೆ ಕೋಣೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕುಳಿತಿದ್ದೀರಿ. ಪಾರ್ಸೆಲ್ ತಂದವನನ್ನೂ ಕೈಸನ್ನೆಯಲ್ಲೇ ಸುಮ್ಮನಾಗಿಸಿ ಕಳಿಸಿದ್ದಿರಂತೆ.

"ಬೆವತಿಯೇನು?"

"ಇಲ್ಲರೀ" ಎಂದೆ. ಅಷ್ಟೇ ಹೇಳಿದೆ. ಇನ್ನೂ ಎಷ್ಟೋ ಹೇಳಬೇಕಿತ್ತಲ್ಲವೇ?

ಹೋದ ವಾರದ ಸುದ್ದಿ ಕೇಳಿ. ಆ ಗಾದಿಯ ನಿದ್ದೆಯಿಂದಾಗಿ ಕೆಲಸ ಬಿಡದೆ ಉಳಿದ ನನ್ನನ್ನು ಈಗ ವಾರ್ಡಿನ ಇನ್‌ಚಾರ್ಜ್ ಮಾಡಿದ್ದಾರೆ. ಮೊದಲ ದಿನವೇ ಡ್ಯೂಟಿ ಪಟ್ಟಿ ತಿದ್ದಿದೆ: ಯಾರಿಗೂ ಸತತ ಮೂರು ರಾತ್ರಿಗಿಂತ ಹೆಚ್ಚಿಲ್ಲ, ಆಮೇಲೆ ಎರಡು ದಿನ ಕಡ್ಡಾಯ ರಜೆ. ನಿದ್ದೆಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವುದನ್ನು ಎಲ್ಲಿ ಕಲಿತಿರಿ ಎಂದು ಮ್ಯಾನೇಜರ್ ಕೇಳಿದರು.

"ಶಾಂತವ್ವ ಅಂತ, ನಮ್ಮ ಅತ್ತೆ" ಎಂದೆ.

ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಕೇಳಿ ಬರೆದುಕೊಂಡರು.