ಕುಮಟೆಯ ಹೆಸರಿನ ನಮ್ಮ ಹತ್ತಿ

ಸರ್,

ನಾನು ಗಿರಿಜಾ. ಶಿರಹಟ್ಟಿ ಶಾಲೆಯ ಏಳನೇ ಇಯತ್ತೆಯಲ್ಲಿ ನಿಮಗೆ ಎದುರು ಮಾತಾಡಿದವಳು. ಈಗ ಕುಮಟೆಯಲ್ಲಿ ನರ್ಸ್ ಆಗಿದ್ದೇನೆ. ಬಂದು ಏಳು ತಿಂಗಳಾದರೂ ಈ ಕಡಲ ಗಾಳಿಯಲ್ಲಿ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಆ ದಿನ ಹತ್ತಿಯ ಪಾಠ ನಡೆದಿತ್ತು. "ಕುಮಟಾದಾಗ ಹತ್ತಿ ಬೆಳಿಯೂದಿಲ್ಲ. ಆದ್ರ ನಮ್ಮ ಎರಿ ಹೊಲದ ಹತ್ತಿಗೆ ಪರದೇಶದಾಗ ಕುಮಟಾ ಹತ್ತಿ ಅಂತಿದ್ರು. ಎತ್ತಿನ ಗಾಡ್ಯಾಗ ಘಟ್ಟಾ ಇಳದು, ಅಲ್ಲಿ ಹಡಗ ಹತ್ತತಿತ್ತು," ಎಂದಿರಿ. ನಾನು ಎದ್ದು ನಿಂತು, "ನೀವು ಆ ಊರು ನೋಡೀರೇನ್ರಿ ಸರ್?" ಎಂದೆ. "ಇಲ್ಲವ್ವಾ," ಎಂದಿರಿ. ಎಲ್ಲರೂ ನಕ್ಕರು. ಆಮೇಲೆ ನೀವು ಆ ಊರಿನ ಸುದ್ದಿಯನ್ನೇ ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡಿದ್ದೆ. ಈಗ...

ಇಲ್ಲಿಗೆ ಬಂದ ಮೊದಲ ವಾರವೇ ನಿಮ್ಮ ಬಂದರು ಹುಡುಕಿಕೊಂಡು ಹೋದೆ. ಹೂಳು ತುಂಬಿದ ಅಳಿವೆ, ನಾಲ್ಕು ದೋಣಿ. ಇದೇನಾ? ಮೀನು ಒಣಗಿಸುತ್ತಿದ್ದ ಮುದುಕಿಯನ್ನು ಕೇಳಿದೆ. ನನ್ನ ಮಾತು ಕೇಳಿಯೇ ತಲೆ ಎತ್ತಿದಳು. "ಗದಗ ಬದಿಯವ್ರಾ? ನಿಮ್ಮೂರಿಗೆ ರೈಲು ಬಂತು, ಹತ್ತಿ ಅತ್ಲಾಗೆ ಹೋಯ್ತು. ನಮ್ಮಜ್ಜನ ಅಪ್ಪ ಮೂಟೆ ಹೊರೂದು ಬಿಟ್ಟು ಬಲೆ ಹಿಡ್ದ." ಹೀಗೆ ದೂರುತ್ತಲೇ ಕೂರಲು ಮಣೆ ಕೊಟ್ಟಳು. ಈ ಊರಿನ ಗುಣವೇ ಅದು, ಸರ್. ಮುನಿಸು ಬಿಡುವುದಿಲ್ಲ, ಬಂದವರನ್ನು ಕೂರಿಸದೆ ಮಾತಾಡಿಸುವುದೂ ಇಲ್ಲ.

ನೀವು ಹೇಳಿದ್ದೆಲ್ಲ ಖರೆ ಎಂದು ತಿಳಿಸಲು ಅಂದೇ ಫೋನ್ ಮಾಡಬೇಕಿತ್ತು. ನಾಚಿಕೆ. ಇವತ್ತು, ನಾಳೆ ಎನ್ನುತ್ತ ಆರು ತಿಂಗಳು ಕಳೆದೆ. ಕೊನೆಗೂ ಮಾಡಿದಾಗ ಎತ್ತಿದವರು ನಿಮ್ಮ ಮನೆಯವರು, ನಾವೆಲ್ಲ ಅಮ್ಮ ಎನ್ನುತ್ತಿದ್ದವರು. "ಅವರು ಹೋಗಿ ಹದಿನೈದು ದಿನ ಆತವ್ವಾ," ಎಂದರು.

ಮರುದಿನವೇ ಶಿರಹಟ್ಟಿಗೆ ಹೋದೆ. ನೀವು ಯಾಕೆ ಒಮ್ಮೆಯೂ ಕುಮಟೆಗೆ ಬರಲಿಲ್ಲವೆಂದು ಅಮ್ಮನನ್ನು ಕೇಳಿದೆ. "ನಾ ಎಷ್ಟೋ ಸಲ ಹೋಗೂಣು ಅಂದೆ. 'ಹೋಗಿ ನೋಡಿದ್ರ ಅಲ್ಲೇನೂ ಇರಲಿಲ್ಲಂದ್ರ?' ಅಂತಿದ್ರು," ಎಂದರು. ನಿಮ್ಮೊಳಗೆ ಆ ಅಂಜಿಕೆ ಹಾಕಿದವಳು ನಾನೇ ಏನು, ಸರ್? ನಿಮ್ಮನ್ನೇ ಕೇಳಬೇಕಿತ್ತು, ನೀವೇ ಇಲ್ಲ.

"ನನ್ನ ಜೋಡಿ ಬರ್ತೀರೇನ್ರಿ ಅಮ್ಮಾ?" ಎಂದೆ. ಅವರು ಎದ್ದು ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡರು.

ಇಲ್ಲಿನ ಕಡಲಿಗೆ ಇಳಿದ ಮೊದಲ ದಿನ ಮೊಣಕಾಲವರೆಗೆ ಸೀರೆ ತೊಯ್ದರೂ ಅಮ್ಮ ನೀರಿನಿಂದ ಹೊರಗೆ ಬರಲಿಲ್ಲ. "ಇಷ್ಟು ಸಪ್ಪಳ ಮಾಡ್ತೈತಿ ಅಂತ ಅವರು ಹೇಳೇ ಇರ್ಲಿಲ್ಲ ನೋಡು," ಎಂದರು. ಮೂರು ದಿನಕ್ಕೆಂದು ಬಂದವರು. ಇಂದಿಗೆ ಒಂಬತ್ತಾಯಿತು, ಊರಿಗೆ ಹೋಗುವ ಮಾತೇ ಇಲ್ಲ. ಸಂಜೆಯಾದರೆ ಸಾಕು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುತ್ತಾರೆ.

ಈಗಲೂ ನಿಂತಿದ್ದಾರೆ. "ಬರ್ದಿದ್ದು ಸಾಕು, ಏಳು, ಹೊತ್ತಾತು," ಎನ್ನುತ್ತಿದ್ದಾರೆ. ಹೋಗಬೇಕು, ಸರ್.

ಗಿರಿಜಾ