ನೀನು ಕೂಡಿಟ್ಟು ಹೋದ ಮೀನು

ಭಾನುವಾರ, ಮಧ್ಯಾಹ್ನ

ಅಪ್ಪನ ಮುದ್ದಿನ ಅಳಿಲೇ,

ಹೇಗಿದ್ದೀಯ? ಹೊಸ ಶಾಲೆಯಲ್ಲಿ ಗೆಳತಿಯರು ಸಿಕ್ಕಿದರಾ? ಪತ್ರ ತಡವಾಯಿತೆಂದು ಮುಖ ಊದಿಸಿಕೊಳ್ಳಬೇಡ. ಬೇಸಿಗೆ ಬಂತೆಂದರೆ ಲೋಕದ ಫ್ರಿಜ್‌ಗಳೆಲ್ಲ ಒಟ್ಟಿಗೇ ಮುಷ್ಕರ ಹೂಡುತ್ತವೆ. ರಿಪೇರಿ ಮಾಡಿ ಮಾಡಿ ಸೊಂಟ ಬಿದ್ದುಹೋಗಿದೆ. ಹೋಗಲಿ, ಸುಳ್ಳೇಕೆ? ಕೆಲಸ ಬರೀ ನೆಪ. ನಿನಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ.

ನಮ್ಮ ಕಂಪ್ಯೂಟರ್ ಆಟದ ದ್ವೀಪದಲ್ಲಿ ನೀನು ಕೂಡಿಟ್ಟಿದ್ದ ಆಹಾರವೆಲ್ಲ ಕೆಟ್ಟುಹೋಯಿತು, ಮಗಳೇ.

ಅಮ್ಮನ ಜೊತೆ ಆ ಹೊಸ ಮನೆಗೆ ಹೊರಡುವ ಹಿಂದಿನ ಸಂಜೆ ನನ್ನ ತೋಳಿಗೊರಗಿ ಕೂತು ಆಡಿದ್ದೆಯಲ್ಲ. ನೀನೇ ಮೀನನ್ನೆಲ್ಲ ಹೊಗೆಯಲ್ಲಿ ಒಣಗಿಸಿ, ಹಣ್ಣನ್ನು ಜೇನಿನಲ್ಲಿ ಅದ್ದಿ, ಮಂಜುಗಡ್ಡೆಯ ಪೆಟ್ಟಿಗೆ ತುಂಬಿಸಿದೆ. "ಅಪ್ಪಾ, ಒಂದು ತುಂಡೂ ಮುಟ್ಬಾರ್ದು! ಆಟದ ಚಳಿಗಾಲ ನಾವಿಬ್ರೇ ಸೇರಿ ಕಳೆಯೋದು. ನಾನು ಬಂದೇ ಬರ್ತೀನಿ," ಎಂದೆ.

ಆ ಮಾತನ್ನೇ ನಂಬಿ ಕೂತೆ. ದಿನಾ ಅಂಗಡಿಯಿಂದ ಬಂದವನೇ ಕೈಕಾಲು ತೊಳೆದು ದ್ವೀಪಕ್ಕೆ ಹೋಗುತ್ತಿದ್ದೆ. ಬೆಟ್ಟ ಹತ್ತಿ ಮಂಜುಗಡ್ಡೆ ಕಡಿದು ತರುವಷ್ಟರಲ್ಲಿ ಅರ್ಧ ಕರಗಿರುತ್ತಿತ್ತು, ಹಾಳಾದ್ದು! ನಮ್ಮ ಅಂಗಡಿ ಯಜಮಾನರಿಗೋ ನಗುವೋ ನಗು. "ಏನಯ್ಯಾ, ಹಗಲೆಲ್ಲಾ ಊರವರ ಫ್ರಿಜ್ಜು, ಸಂಜೆ ಆದ್ರೆ ಇಲ್ದಿರೋ ಮೀನಿಗೆ ಐಸು! ತಲೆ ನೆಟ್ಟಗಿದ್ಯಾ?" ನಕ್ಕರೆ ನಗಲಿ ಬಿಡು ಎಂದುಕೊಂಡೆ.

ಆದರೂ ಮೀನಿಗೆ ಬೂಸು ಹಿಡಿಯಿತು, ಹಣ್ಣು ಕೊಳೆಯಿತು. ಕೊನೆಗೆ ಅದೇ ಆಟ ಆಡುವ ಯಜಮಾನರ ಮಗಳನ್ನು ಕೇಳಿದೆ. ಅವಳು ಹಣೆ ಹಣೆ ಚಚ್ಚಿಕೊಂಡಳು. "ಅಯ್ಯೋ ಅಂಕಲ್, ನೀವು ಒಳಗಿದ್ರೆ ಮಾತ್ರ ಅಲ್ಲಿ ಹೊತ್ತು ಓಡೋದು. ಯಾರೂ ಹೋಗ್ದೆ ಬಿಟ್ಟಿದ್ರೆ ವರ್ಷ ಆದ್ರೂ ಒಂದು ಹಣ್ಣೂ ಬಾಡ್ತಿರ್ಲಿಲ್ಲ."

ಕೇಳಿದೆಯಾ? ಕಾಯಲು ಹೋದವನೇ ಕೆಡಿಸಿಬಿಟ್ಟೆ. ನಮ್ಮ ಕಸುಬಿನಲ್ಲಿ ನೋಡಿಕೊಳ್ಳದೆ ಬಿಟ್ಟದ್ದು ಕೆಡುತ್ತದೆ. ಬಿಟ್ಟರೇ ಉಳಿಯುತ್ತದೆಂದು ನನಗೆ ಹೇಗೆ ಗೊತ್ತಾಗಬೇಕು? ಮನೆಗೆ ಬಂದು ಅತ್ತುಬಿಟ್ಟೆ. ಇಷ್ಟು ದೊಡ್ಡ ಗಂಡಸು ಮೀನಿಗಾಗಿ ಅಳುವುದೇ ಎಂದು ನಗಬೇಡ.

ಈಗ ಹೋಗುವುದನ್ನೇ ನಿಲ್ಲಿಸಿದ್ದೇನೆ. ಅಲ್ಲಿ ಚಳಿಗಾಲ ಇನ್ನೂ ಶುರುವಾಗಿಲ್ಲ. ನೀನು ಬಂದ ದಿನ ಮೊದಲಿಂದ ಮೀನು ಹಿಡಿಯೋಣ. ಬರುತ್ತೀಯಲ್ಲ?

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಮ್ಮನಿಗೆ ಎದುರುತ್ತರ ಕೊಡಬೇಡ. ಎಲ್ಲಿದ್ದರೂ ತಣ್ಣಗಿರು, ಕಂದ.

ನಿನ್ನ
ಅಪ್ಪ

ತಾ.ಕ.: ದ್ವೀಪಕ್ಕೆ ಹೋದಾಗಲೆಲ್ಲ ಪರದೆಯ ಮೂಲೆಯಲ್ಲಿ ನಿನ್ನ ಹೆಸರಿನ ಪಕ್ಕ ಹಸಿರು ದೀಪ ಉರಿಯುತ್ತಿತ್ತು. ನೀನು ದಿನಾ ಆಡುತ್ತಿದ್ದೆ, ಬೇರೊಂದು ದ್ವೀಪದಲ್ಲಿ. ಫೋನಿನಲ್ಲಿ ಅಮ್ಮನೇ ಹೇಳಿದಳು, ಅವಳ ಈಗಿನ ಯಜಮಾನರೂ ನಿನ್ನ ಜೊತೆ ಆಡುತ್ತಾರಂತೆ, ಇಬ್ಬರೂ ಸೇರಿ ದೊಡ್ಡ ಉಗ್ರಾಣ ಕಟ್ಟಿದ್ದೀರಂತೆ. ಒಳ್ಳೆಯದಾಯಿತು. ಹಸಿ ಮೀನನ್ನು ಹಣ್ಣಿನ ಪಕ್ಕ ಇಡಬಾರದೆಂದು ಅವರಿಗೆ ಹೇಳು. ಅವರನ್ನು ನೀನು ಏನೆಂದು ಕರೆಯುತ್ತೀಯ? ಬೇಡ, ಅದನ್ನು ಬರೆಯಬೇಡ.